ಮನೆಯಿಲ್ಲದವರ ಲೆಕ್ಕ

ಕುಂದಗೋಳದಿಂದ ಹುಬ್ಬಳ್ಳಿ ದೂರವಲ್ಲ. ಹತ್ತಿ, ಮೆಣಸಿನಕಾಯಿ ಬೆಳೆಯುವ ಈ ಎರೆ ಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಕೂಲಿಕಾರರು ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಹಗಲು ಹಮಾಲಿ ಅಥವಾ ಗೌಂಡಿ ಕೆಲಸ ಸಿಗುತ್ತದೆ. ರಾತ್ರಿ ಮಲಗಲು ಕೆಲವರಿಗೆ ಮುಚ್ಚಿದ ಅಂಗಡಿಯ ಕಟ್ಟೆಯೇ ಗತಿ. ಇಂಥವರಿಗೆ ಸೂರು ಒದಗಿಸುವ ಹೊಣೆ ಯಾರದು? ಅದರ ಹಣ ಎಲ್ಲಿಂದ ಬರಬೇಕು? ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಗಳಿಗೆ ದೀರ್ಘ ಇತಿಹಾಸವಿದೆ.

ಹಿಂದೆ ಈ ಕೆಲಸವನ್ನು ಛತ್ರ, ಧರ್ಮಶಾಲೆ ಮತ್ತು ಮಠಗಳ ದಾಸೋಹ ಮಾಡುತ್ತಿದ್ದವು. ದಾನಿಗಳ ಉದಾರತೆಯೇ ಅವುಗಳ ಬಂಡವಾಳ. ಆದರೆ 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ದಾನವೊಂದರಿಂದಲೇ ಜನ ಬದುಕುವುದು ಅಸಾಧ್ಯವೆಂದು ಸ್ಪಷ್ಟವಾಯಿತು. 1880ರ ಕ್ಷಾಮ ಆಯೋಗದ ವರದಿಯ ನಂತರ ಪ್ರಾಂತಗಳಲ್ಲಿ ಕ್ಷಾಮ ನಿಯಮಾವಳಿಗಳು ರೂಪುಗೊಂಡವು. ದುಡಿಯಬಲ್ಲವರಿಗೆ ಕಾಮಗಾರಿ, ಅಶಕ್ತರಿಗೆ ಊರಿನ ಪಟ್ಟಿಯ ಆಧಾರದ ಮೇಲೆ ಉಚಿತ ನೆರವು, ಯಾವ ಊರಿನ ಪಟ್ಟಿಗೂ ಸೇರದೆ ಅಲೆಯುವವರಿಗೆ ಅನಾಥಾಲಯದಂಥ ‘ಬಡವರ ಮನೆ’. ಆಗ ಧಾರವಾಡ ಜಿಲ್ಲೆ ಮುಂಬಯಿ ಸರ್ಕಾರಕ್ಕೆ ಸೇರಿತ್ತು. ನಡುವೆ ಇದ್ದ ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದು. ಊರು ಬಿಟ್ಟು ಬಂದವನನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು ಎಂಬ ತೊಡಕು ಅಂದಿನಿಂದಲೂ ಇದೆ.

ಸ್ವಾತಂತ್ರ್ಯಾನಂತರ ಕರ್ನಾಟಕ ಇನ್ನೊಂದು ಮಾರ್ಗ ಹಿಡಿಯಿತು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಭೂಮಿ ಮತ್ತು ಕಟ್ಟಡಗಳ ತೆರಿಗೆಯ ಮೇಲೆ ಶೇಕಡಾ 3ರಷ್ಟು ಉಪಕರ ವಸೂಲಿ ಮಾಡುತ್ತವೆ. ಆ ಹಣ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸಲು ಮೀಸಲು. ಆದರೆ ಇಲ್ಲೊಂದು ಕೊರತೆ ಉಂಟು. ಈ ಕಾಯ್ದೆ ಭಿಕ್ಷುಕರನ್ನು ಹಿಡಿದು ಕೇಂದ್ರದಲ್ಲಿ ಇರಿಸುವಂಥದು. ಮನೆಯಿಲ್ಲದವರೆಲ್ಲ ಭಿಕ್ಷುಕರಲ್ಲ; ಅವರಲ್ಲಿ ದುಡಿದು ತಿನ್ನುವವರು ಬಹಳ.

2010ರಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಮಹತ್ವದ ನಿರ್ದೇಶನ ನೀಡಿತು. ದೆಹಲಿಯ ಚಳಿಯಲ್ಲಿ ಒಂದು ರಾತ್ರಿ ತಂಗುದಾಣವನ್ನು ಕೆಡವಿದ ಪ್ರಸಂಗದಿಂದ ಆರಂಭವಾದ ವಿಚಾರಣೆ ಇತರ ರಾಜ್ಯಗಳಿಗೂ ವಿಸ್ತರಿಸಿತು. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಆಶ್ರಯ ಕೇಂದ್ರಗಳಿಗೂ ಅನುದಾನ ಸೇರಿತು. ಒಂದು ಲಕ್ಷ ಜನಸಂಖ್ಯೆಗೆ 100 ಜನರ ಆಶ್ರಯ, ಒಬ್ಬರಿಗೆ 50 ಚದರ ಅಡಿ ಜಾಗ ಎಂಬುದು ಅದರ ಅಳತೆ.

ಈ ಅಳತೆಯನ್ನು ಹುಬ್ಬಳ್ಳಿ–ಧಾರವಾಡಕ್ಕೆ ಅನ್ವಯಿಸಿ ನೋಡೋಣ. 2011ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 9.4 ಲಕ್ಷ. ಎಂದರೆ ಕನಿಷ್ಠ 900 ಜನರಿಗೆ ಆಶ್ರಯ ಬೇಕು. 900ನ್ನು 50ರಿಂದ ಗುಣಿಸಿದರೆ 45,000 ಚದರ ಅಡಿ. ಒಂದು ಎಕರೆ ಎಂದರೆ 43,560 ಚದರ ಅಡಿ. ಇಡೀ ಅವಳಿ ನಗರಕ್ಕೆ ಬೇಕಾದದ್ದು ಒಂದು ಎಕರೆಗಿಂತ ತುಸು ಹೆಚ್ಚು ತಂಗುವ ಜಾಗ!

ಹಾಗಾದರೆ ಕಷ್ಟ ಎಲ್ಲಿದೆ? ಅನುದಾನ ತಾನಾಗಿ ಬರುವುದಿಲ್ಲ, ನಗರವೇ ಕೇಳಬೇಕು. ಕೇಳುವ ಮೊದಲು ಎಣಿಸಬೇಕು. ಹಗಲು ಎಣಿಸಿದರೆ ಇವರು ಸಿಗುವುದಿಲ್ಲ. ಎಲ್ಲರೂ ಕೆಲಸದ ಮೇಲಿರುತ್ತಾರೆ. ಅದಕ್ಕಾಗಿಯೇ ಜನಗಣತಿಯವರು ಮನೆಯಿಲ್ಲದವರನ್ನು 2011ರ ಫೆಬ್ರವರಿ 28ರ ರಾತ್ರಿ ಎಣಿಸಿದರು. ದೇಶದಲ್ಲಿ ಸಿಕ್ಕ ಸಂಖ್ಯೆ 17 ಲಕ್ಷಕ್ಕೂ ಹೆಚ್ಚು. ಎಣಿಕೆಯ ನಂತರ ಜಾಗ ಗುರುತಿಸಿ ಪ್ರಸ್ತಾವನೆ ಕಳಿಸಬೇಕು, ರಾಜ್ಯಮಟ್ಟದ ಸಮಿತಿ ಮಂಜೂರು ಮಾಡಬೇಕು. ಎಣಿಕೆಯಲ್ಲಿ ಬಿಟ್ಟುಹೋದವನು ಪ್ರಸ್ತಾವನೆಯಲ್ಲೂ ಇರುವುದಿಲ್ಲ.

ಕೇಂದ್ರ ನಡೆಸುವ ಖರ್ಚಿಗೆ ಈ ಯೋಜನೆಯ ನೆರವು 5 ವರ್ಷಕ್ಕೆ ಸೀಮಿತವಾಗಿತ್ತು. ಮೊದಲು ದೊಡ್ಡ ನಗರಗಳಿಗಷ್ಟೇ ಇದ್ದ ಅಭಿಯಾನ 2016ರಲ್ಲಿ ಕುಂದಗೋಳದಂಥ ಪಟ್ಟಣ ಪಂಚಾಯಿತಿಗಳಿಗೂ ವಿಸ್ತರಿಸಿತು. 2024ರಲ್ಲಿ ಅದರ ಅವಧಿ ಮುಗಿಯಿತು. ಯೋಜನೆಗಳು ಬದಲಾದರೂ ಮುಂದಿನ ಬರದ ವರ್ಷ ಕೂಲಿಕಾರ ಮತ್ತೆ ಹುಬ್ಬಳ್ಳಿಗೆ ಬರುತ್ತಾನೆ. ಅವನಿಗೆ ಕುಂದಗೋಳದಲ್ಲಿ ಮನೆಯಿದೆ ಎಂದು ಹುಬ್ಬಳ್ಳಿ ಅವನನ್ನು ಬಿಡಬಾರದು. ಅವನು ಊರಲ್ಲಿಲ್ಲ ಎಂದು ಕುಂದಗೋಳವೂ ಮರೆಯಬಾರದು.

ನಿಮ್ಮ ಊರಿನ ನಗರಸಭೆ ಅಥವಾ ಪಂಚಾಯಿತಿಯ ಆಯವ್ಯಯ ಪತ್ರವನ್ನು ಒಮ್ಮೆ ತೆರೆದು ನೋಡಿ. ಮನೆಯಿಲ್ಲದವರಿಗಾಗಿ ಅದರಲ್ಲಿ ಒಂದು ಸಾಲಾದರೂ ಇದೆಯೇ? ಇಲ್ಲದಿದ್ದರೆ ಏಕೆ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ.