ಅಳತೆಗೋಲೇ ತಪ್ಪಿದ್ದ ಕನ್ನಡಿ

ಮೆರಿಟ್ ಬಗ್ಗೆ ಮತ್ತೆ ಶುರುವಾಗಿರೋ ವಾದ ಓದ್ತಾ ಓದ್ತಾ ನನಗೆ ಹಬಲ್ ಟೆಲಿಸ್ಕೋಪಿನ ಚರಿತ್ರೆ ನೆನಪಾಯ್ತು. ಸ್ವಲ್ಪ ತಾಳ್ಮೆಯಿಂದ ಓದಿ.

1990ರ ಏಪ್ರಿಲ್ 24ರಂದು ಹಬಲ್ ಮೇಲೆ ಹೋಯಿತು. 2.4 ಮೀಟರ್ ಅಗಲದ ಕನ್ನಡಿ, ಬಹಳ ನಯವಾಗಿ ಉಜ್ಜಿದ್ದು. ಆದರೆ ಚಿತ್ರ ಬಂದಾಗ ನಕ್ಷತ್ರಗಳ ಸುತ್ತ ಮಬ್ಬು. ಕನ್ನಡಿಯ ಅಂಚು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಕೂದಲಿನ ದಪ್ಪದ ಐವತ್ತನೇ ಒಂದು ಭಾಗ, ಅಷ್ಟೇ.

ಕನ್ನಡಿ ಮಾಡಿದ್ದು ಅಮೆರಿಕದ ಪರ್ಕಿನ್-ಎಲ್ಮರ್ ಕಂಪನಿ. ಆಕಾರ ಪರೀಕ್ಷಿಸಲು ನಲ್ ಕರೆಕ್ಟರ್ ಅನ್ನೋ ಉಪಕರಣ ಇತ್ತು. ಅದರೊಳಗಿನ ಲೆನ್ಸು 1.3 ಮಿ.ಮೀ. ಆಚೀಚೆ ಕೂತಿತ್ತು. ದೂರ ಅಳೆಯುವ ಸರಳಿನ ತುದಿಗೆ ಒಂದು ಟೋಪಿ. ಅದು ಹೊಳೆಯದಂತೆ ಬಳಿದ ಲೇಪ ಒಂದು ಕಡೆ ಕಿತ್ತುಹೋಗಿತ್ತು. ಲೇಸರ್ ಬೆಳಕು ಸರಳಿನ ತುದಿಯ ಬದಲು ಟೋಪಿಗೇ ಬಡಿದು ವಾಪಸ್ ಬಂತು. ಆ ಲೆಕ್ಕದ ಜಾಗಕ್ಕೆ ಲೆನ್ಸು ಇಳಿಯಲೇ ಇಲ್ಲ. ಆಗಲಾದರೂ ಯಾಕೆ ಅಂತ ಕೇಳಬೇಕಿತ್ತಲ್ಲ? ವಾಷರ್ ಸೇರಿಸಿ ಕೂರಿಸಿದರು. (ಲೆಕ್ಕ ತಾಳೆಯಾಗದಿದ್ದಾಗ ಇಂಥ ವಾಷರ್ ಹಾಕೋರನ್ನ ಗುಮಾಸ್ತನಾಗಿ ನಾನೂ ಕಂಡಿದೀನಿ.)

ನನಗೆ ಚುಚ್ಚುವುದು ಮುಂದಿನ ಭಾಗ. ಬೇರೆ ಎರಡು ಪರೀಕ್ಷಾ ಉಪಕರಣಗಳು ದೋಷ ಇದೆ ಅಂತ ತೋರಿಸಿದ್ದವು. ಅವು ಕಡಿಮೆ ದರ್ಜೆಯವು, ತಪ್ಪು ಅವುಗಳದ್ದೇ ಅಂತ ಬದಿಗಿಟ್ಟರು. 1990ರ ನವೆಂಬರಿನಲ್ಲಿ ಬಂದ ಲ್ಯೂ ಆಲನ್ ಸಮಿತಿಯ ವರದಿ ಇದನ್ನೆಲ್ಲ ದಾಖಲಿಸಿದೆ. ಕೀಳು ಅಂತ ಮೊದಲೇ ಗೆರೆ ಎಳೆದ ಮೇಲೆ ಸಾಕ್ಷಿ ಯಾರು ಕೇಳ್ತಾರೆ? ಅಳೆಯೋ ಕೋಲನ್ನೇ ಪರೀಕ್ಷೆ ಮಾಡಿ ಅಂದರೆ ನಮ್ಮನ್ನ ಮೆರಿಟ್ ವಿರೋಧಿಗಳು ಅಂತಾರೆ! ಅಂದಹಾಗೆ, ಕೊಡಾಕ್ ಕಂಪನಿ ಮಾಡಿದ್ದ ಬದಲಿ ಕನ್ನಡಿ ಸರಿಯಾಗೇ ಇತ್ತು. ಅದು ಭೂಮಿ ಮೇಲೇ ಉಳೀತು.

1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ತಪ್ಪಿಗೆ ಸರಿಯಾಗಿ ವಿರುದ್ಧ ಆಕಾರದ ಪುಟ್ಟ ಕನ್ನಡಿಗಳನ್ನು ಜೋಡಿಸಿ ಬಂದರು.

ಆಮೇಲೆ ಕಂಡದ್ದು ಗುರುತ್ವದ ಕೆಲಸ. ಕಾಣುವ ದ್ರವ್ಯ ಮಾತ್ರ ಇದ್ದರೆ ಕೋಮಾ ಗುಚ್ಛದ ಗೆಲಾಕ್ಸಿಗಳು ಚದುರಿಹೋಗಬೇಕಿತ್ತು ಅಂತ ಫ್ರಿಟ್ಸ್ ಜ್ವಿಕಿ 1933ರಲ್ಲೇ ಹೇಳಿದ್ದ. ಗುರುತ್ವ ಬೆಳಕನ್ನೂ ಬಗ್ಗಿಸುತ್ತದೆ. ಏಬೆಲ್ 2218 ಅನ್ನೋ ಗುಚ್ಛದ ಹಬಲ್ ಚಿತ್ರ ನೋಡಿ: ಹಿಂದಿರುವ ಗೆಲಾಕ್ಸಿಗಳು ಒಡೆದ ಬಳೆ ಚೂರುಗಳ ಹಾಗೆ ಬಾಗಿವೆ. ಎಷ್ಟು ಬಾಗಿವೆ ಅನ್ನೋದರಿಂದ ಗುಚ್ಛದ ತೂಕ ಸಿಗುತ್ತೆ. ಅದರಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಕಾಣದ್ದು.

ಆದರೆ ಟೆಲಿಸ್ಕೋಪೇ ಚಿತ್ರವನ್ನ ಸೊಟ್ಟ ಮಾಡಿದರೆ, ಬಾಗಿದ್ದು ಗುರುತ್ವದಿಂದಲೋ ಕನ್ನಡಿಯಿಂದಲೋ ಹೇಗೆ ಗೊತ್ತಾಗಬೇಕು? ಅದಕ್ಕೇ ಚುಕ್ಕಿಯಾಗಿ ಕಾಣಬೇಕಾದ ನಕ್ಷತ್ರಗಳು ಚಿತ್ರದಲ್ಲಿ ಹೇಗೆ ಹರಡಿವೆ ಅಂತ ಮೊದಲು ಅಳೀತಾರೆ. ಗೆಲಾಕ್ಸಿಗಳ ಲೆಕ್ಕ ಆಮೇಲೆ.