ಮನೆಮಾತಿನ ಪ್ರಾರ್ಥನಾಗೀತೆಗೆ ಇರುವ ಬಲ



ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ದಾಸರ ಪದಗಳನ್ನು ಕೇಳುತ್ತಾ ಬೆಳೆದ ನಮಗೆ ‘ಗಾಸ್ಪೆಲ್ ಸಂಗೀತ’ ಎಂಬುದು ದೂರದ ವಿಷಯವೆನಿಸಬಹುದು. ಆದರೆ ಅದರ ಚರಿತ್ರೆಯನ್ನು ಅವಲೋಕಿಸಿದರೆ ಪರಿಚಿತವಾದ ಒಂದು ತತ್ತ್ವವೇ ಅಲ್ಲಿಯೂ ಕಾಣುತ್ತದೆ: ಪ್ರಾರ್ಥನೆಯು ಜನರ ಮಾತಿನಲ್ಲಿ, ಜನರದೇ ಮಟ್ಟಿನಲ್ಲಿ ಬಂದಾಗ ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುತ್ತದೆ.

ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆ ಹೊಂದಿದವರಿಗಾಗಿ ಸ್ಥಾಪಿತವಾದ ಫಿಸ್ಕ್ ವಿದ್ಯಾಸಂಸ್ಥೆಯು ಹಣವಿಲ್ಲದೆ ಸೊರಗಿದಾಗ, 1871ರಲ್ಲಿ ಅದರ ವಿದ್ಯಾರ್ಥಿಗಳೇ ತಮ್ಮ ಹಿರಿಯರು ಹೊಲಗಳಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು ಊರೂರಿನಲ್ಲಿ ಹಾಡಿ ತಮ್ಮ ಶಾಲೆಯನ್ನು ಉಳಿಸಿಕೊಂಡರು. ಮುಂದೆ ಥಾಮಸ್ ಡಾರ್ಸಿ ಎಂಬ ಪಿಯಾನೊ ವಾದಕರು ಕರಿಯ ಜನರ ದುಃಖದ ಹಾಡಾದ ‘ಬ್ಲೂಸ್’ನ ಧಾಟಿಯನ್ನು ದೇವರ ಹಾಡಿಗೆ ತಂದರು. ಪಾನಗೃಹದ ಸಂಗೀತವೆಂದು ಅನೇಕ ಚರ್ಚುಗಳು ಅದನ್ನು ಮೊದಲು ಹೊರಗಿಟ್ಟವು. 1932ರಲ್ಲಿ ಹೆರಿಗೆಯ ವೇಳೆ ಪತ್ನಿ ತೀರಿಕೊಂಡು, ಬೆನ್ನಲ್ಲೇ ಶಿಶುವೂ ಹೋದಾಗ, ಆ ಶೋಕದಲ್ಲಿಯೇ ಅವರು ರಚಿಸಿದ ಗೀತೆ ಲಕ್ಷಾಂತರ ಜನರಿಗೆ ಸಾಂತ್ವನವಾಯಿತು. ದೇವಭಾಷೆಯನ್ನು ಬಿಟ್ಟು ಆಡುಮಾತಿನಲ್ಲಿ ಹಾಡಿದ ನಮ್ಮ ಹರಿದಾಸರ ನೆನಪು ಇಲ್ಲಿ ಸಹಜವಾಗಿಯೇ ಬರುತ್ತದೆ.

ಕನ್ನಡದ ಕ್ರೈಸ್ತಗೀತೆಯೂ ಇಂಥದೇ ಹಾದಿಯಲ್ಲಿ ಸಾಗಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಆರಂಭದಲ್ಲಿ ಕನ್ನಡದ ಪದಗಳನ್ನು ಜರ್ಮನ್ ರಾಗಗಳಿಗೆ ಹೊಂದಿಸಿದರು. ಮಾತು ನಮ್ಮದಾದರೂ ಮಟ್ಟು ಪರದೇಶದ್ದಾಗಿತ್ತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲರು ಇನ್ನೊಂದು ಹೆಜ್ಜೆ ಮುಂದಿಟ್ಟು, 1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ನಮ್ಮ ನಾಡಿನ ಛಂದಸ್ಸಿನಲ್ಲಿಯೇ ಹೇಳಿದರು. ಅವರ 1894ರ ನಿಘಂಟನ್ನು ಎಲ್ಲರೂ ಬಲ್ಲರು. ಈ ಪದ್ಯಕೃತಿಯನ್ನು ಬಲ್ಲವರು ವಿರಳ.

ಕಥೋಲಿಕ ಚರ್ಚುಗಳಲ್ಲಾದರೋ ಬಲಿಪೂಜೆಯ ಭಾಷೆ ಬಹುಕಾಲ ಲ್ಯಾಟಿನ್ ಆಗಿಯೇ ಉಳಿಯಿತು. ಈ ದೃಷ್ಟಿಯಿಂದ 1963 ಸ್ಮರಣೀಯ ವರ್ಷ. ಆ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಮಹಾಮೇಳದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣಕ್ಕೆ ಮುನ್ನ ಮಹಾಲಿಯಾ ಜಾಕ್ಸನ್ ಗಾಸ್ಪೆಲ್ ಹಾಡಿದರು. ನವೆಂಬರಿನಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಅಸ್ತಿತ್ವಕ್ಕೆ ಬಂದಿತು. ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನಭಾಷೆಗೆ ಅವಕಾಶವಿತ್ತು, ಆಯಾ ಜನಾಂಗದ ಸಂಗೀತಕ್ಕೂ ಮನ್ನಣೆ ನೀಡಬೇಕೆಂದು ಸಾರಿತು. ಕ್ರಮೇಣ ನಮ್ಮ ಕಾಫಿ ಸೀಮೆಯ ಇಗರ್ಜಿಗಳಲ್ಲಿಯೂ ಕನ್ನಡ, ಕೊಂಕಣಿ ಗೀತೆಗಳು ಹಾರ್ಮೋನಿಯಂ, ತಬಲಗಳೊಡನೆ ಕೇಳಿಬಂದವು.

ಇದರ ಬೆಲೆಯನ್ನು ನಾನು ಅರಿತದ್ದು ತರಗತಿಯಲ್ಲಿ. ಕಾಫಿ ತೋಟದ ಲೈನ್ ಮನೆಗಳಿಂದ ಬರುತ್ತಿದ್ದ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೊಂಕಣಿ ಅಥವಾ ತಮಿಳು. ಪಾಠವನ್ನು ಗಟ್ಟಿಯಾಗಿ ಓದಲು ಅವರಿಗೆ ಅಳುಕು. ಅಂಥವರಲ್ಲೊಬ್ಬಳು ಇಗರ್ಜಿಯಲ್ಲಿ ಕಲಿತ ಕನ್ನಡ ಗೀತೆಯನ್ನು ಶಾಲೆಯ ಸಮಾರಂಭದಲ್ಲಿ ಎದೆಯೆತ್ತಿ ಹಾಡಿದಳು. ಅನಂತರ ಓದುವುದಕ್ಕೆ ಅವಳಾಗಿಯೇ ಕೈಯೆತ್ತುವಳಾದಳು. ಮುಂದಿನ ಬೆಂಚಿನಲ್ಲಿ ಕುಳಿತು ಭಜನೆ ಹಾಡುತ್ತಿದ್ದ ಅರ್ಚಕರ ಮಗನಿಗಿದ್ದ ಧೈರ್ಯಕ್ಕೂ ಅವಳ ಧೈರ್ಯಕ್ಕೂ ಮೂಲ ಒಂದೇ ಎಂದು ನನಗೆ ತೋರಿತು.

ಇಂದು ಗಿಟಾರು, ಕೀಬೋರ್ಡುಗಳ ಹೊಸ ಭಕ್ತಿಗೀತೆಗಳನ್ನು ಕೇಳಿ ಹುಬ್ಬು ಗಂಟಿಕ್ಕುವ ಹಿರಿಯರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಡಾರ್ಸಿಯವರಿಗೂ ಹೀಗೆಯೇ ಆಯಿತೆಂಬುದನ್ನು ಅವರು ನೆನೆಯಲಿ. ವಾದ್ಯ ಯಾವುದೇ ಇರಲಿ, ಹಾಡಿ ಮುಗಿಸಿದವನು ತಲೆಯೆತ್ತಿ ಮನೆಗೆ ನಡೆದರೆ ಆ ಗೀತೆ ಸಾರ್ಥಕ. ನಿಮ್ಮ ಮಕ್ಕಳಿಗೂ ನಿಮ್ಮ ಮನೆಮಾತಿನ ಒಂದೆರಡು ಪ್ರಾರ್ಥನೆಗಳನ್ನು ಕಲಿಸಿರೆಂದು ಕೋರುತ್ತೇನೆ.