ಮಾಸು ಬೀಳಲು ಔಷಧ
ಕೂಸು ಹುಟ್ಟಿದ ಮೇಲೆ ಮಾಸು ತಾನಾಗಿ ಬೀಳಲೆಂದು ಕಾಯುವುದೋ, ಗರ್ಭಕೋಶ ಬಿಗಿಯುವ ಔಷಧ ಕೊಡುವುದೋ ಎಂಬ ನಿರ್ಧಾರ ಎದುರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಹೆರಿಗೆಗಳಿಗೂ ಔಷಧವನ್ನೇ ಶಿಫಾರಸು ಮಾಡುತ್ತದೆ. ಮುಖ್ಯ ಉದ್ದೇಶ ಅತಿರಕ್ತಸ್ರಾವ ತಡೆಯುವುದು. ಮೊದಲ ಆಯ್ಕೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ತಂಪು ಬೇಡದ ಮಿಸೊಪ್ರೊಸ್ಟಾಲ್ ಗುಳಿಗೆಗೆ ಕರ್ನಾಟಕದ್ದೇ ಪುರಾವೆಯಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನರ್ಸಮ್ಮಂದಿರು ಕೊಟ್ಟ 600 ಮೈಕ್ರೋಗ್ರಾಂ ಗುಳಿಗೆ ಅತಿರಕ್ತಸ್ರಾವವನ್ನು ಶೇ 12ರಿಂದ 6.4ಕ್ಕೆ ಇಳಿಸಿತು. ಈ ಗುಳಿಗೆಯಿಂದ ನಡುಕ, ಜ್ವರ ಬರಬಹುದು. ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಖಚಿತವಾದ ಮೇಲೆಯೇ ಔಷಧ ಕೊಡಬೇಕು. ರಕ್ತಹೀನ ಬಾಣಂತಿಗೆ ಸ್ವಲ್ಪ ರಕ್ತ ಹೋದರೂ ಅಪಾಯ. ಅಂಥವರಲ್ಲಿ ಸುಮ್ಮನೆ ಕಾಯುವುದು ಸಲ್ಲದು. ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ಅಥವಾ ರಕ್ತ ಹೆಚ್ಚು ಹೋಗುತ್ತಿದ್ದರೆ ತಕ್ಷಣವೇ, 108 ಆಂಬುಲೆನ್ಸ್ ಕರೆದು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.